ಮೇಲಿನ ಬೀದಿಗೆ ನೀರು ಏರದಿದ್ದರೆ ದಪ್ಪ ಪೈಪೇ ಮದ್ದಲ್ಲ

ಪ್ರಶ್ನೆ: ನಮ್ಮದು ಕೋಲಾರ ತಾಲ್ಲೂಕಿನ ವೇಮಗಲ್ ಕಡೆಯ ಹಳ್ಳಿ. 320 ಮನೆ, ಸುಮಾರು 1,450 ಜನ, ಇನ್ನೂರರಷ್ಟು ಸೀಮೆಹಸು. 12 ಮೀಟರ್ ಕಂಬಗಳ ಮೇಲೆ 50,000 ಲೀಟರಿನ ಓವರ್‌ಹೆಡ್ ಟ್ಯಾಂಕ್ ಇದೆ. ಬೋರ್‌ವೆಲ್ ಗಂಟೆಗೆ 6,000 ಲೀಟರ್ ಕೊಡುತ್ತದೆ. ಬೆಳಿಗ್ಗೆ ಎರಡು ಗಂಟೆ ನೀರು ಬಿಡುತ್ತೇವೆ. ಆಗ ಕೆರೆ ಬೀದಿಯಲ್ಲಿ ನೀರು ಚರಂಡಿಗೆ ಹರಿಯುತ್ತದೆ, ಮೇಲಿನ ಬೀದಿಯ 130 ಮನೆಗಳಲ್ಲಿ ಬಿಂದಿಗೆಯೂ ತುಂಬುವುದಿಲ್ಲ. ಮೇಲಿನ ಬೀದಿಯ ಕೊನೆ ಟ್ಯಾಂಕಿನ ಬುಡಕ್ಕಿಂತ ಒಂದೂವರೆ ಮೀಟರ್ ಎತ್ತರದಲ್ಲಿ, 650 ಮೀಟರ್ ದೂರದಲ್ಲಿದೆ. ಕೆರೆ ಬೀದಿಯ ಕೊನೆ 9 ಮೀಟರ್ ತಗ್ಗಿನಲ್ಲಿ, 500 ಮೀಟರ್ ದೂರದಲ್ಲಿದೆ. ಈಗ ಹೊಸ ಲೈನಿಗೆ ಹಣ ಬಂದಿದೆ. ಊರಿಗೆಲ್ಲ 110 ಎಂ.ಎಂ. ಪೈಪ್ ಎಳೆದರೆ ಸರಿಹೋಗುತ್ತದೆ ಎಂದು ಗುತ್ತಿಗೆದಾರರು ಹೇಳುತ್ತಾರೆ. ಇದು ಸರಿಯೇ? ಕಡಿಮೆ ಖರ್ಚಿನಲ್ಲಿ ಬಹುಕಾಲ ಬಾಳುವ ಹಾಗೆ ಹೇಗೆ ಮಾಡಿಸಬೇಕು? (ಒಬ್ಬ ಗ್ರಾಮ ಪಂಚಾಯಿತಿ ಸದಸ್ಯರು)

ಉತ್ತರ: ಸರಿಯಲ್ಲ. ಒಂದೇ ಔಟ್‌ಲೆಟ್ ಇಟ್ಟುಕೊಂಡು ಊರಿಗೆಲ್ಲ 110 ಹಾಕಿದರೆ ಕೆರೆ ಬೀದಿ ಇನ್ನಷ್ಟು ನೀರು ಎಳೆದುಕೊಳ್ಳುತ್ತದೆ, ಟ್ಯಾಂಕ್ ಇನ್ನೂ ಬೇಗ ಬರಿದಾಗುತ್ತದೆ, ಮೇಲಿನ ಬೀದಿಯ ದೂರು ಹಾಗೇ ಉಳಿಯುತ್ತದೆ. ನಿಮ್ಮ ಊರಿನಲ್ಲಿ ಕೊರತೆ ಇರುವುದು ಎತ್ತರಕ್ಕೆ, ಅಂದರೆ ಎಂಜಿನಿಯರುಗಳು ಹೆಡ್ ಎನ್ನುವ ಒತ್ತಡಕ್ಕೆ. ಟ್ಯಾಂಕಿನ ತಳದ ಎತ್ತರವನ್ನು ಕೈಯಲ್ಲಿರುವ ದುಡ್ಡು ಎಂದುಕೊಳ್ಳಿ. ಎಲ್ಲಿ ಕಡಿಮೆ ಇದೆಯೋ ಅಲ್ಲಿ ಪೈಪ್ ದಪ್ಪ ಮಾಡಿ ಅದನ್ನು ಉಳಿಸಬೇಕು, ಎಲ್ಲಿ ಧಾರಾಳವಾಗಿದೆಯೋ ಅಲ್ಲಿ ಸಣ್ಣ ಪೈಪ್ ಹಾಕಿ ಖರ್ಚು ಮಾಡಬೇಕು. ವಿನ್ಯಾಸದ ಮಿತವ್ಯಯ ಬಹುಪಾಲು ಇಷ್ಟರಲ್ಲೇ ಇದೆ.

ಮೊದಲು ನೀವು ಕೊಟ್ಟ ಮಟ್ಟಗಳು ಹೇಗೆ ಸಿಕ್ಕವು ಎಂದು ಕೇಳಿಕೊಳ್ಳಿ. ಮೊಬೈಲ್ ಜಿಪಿಎಸ್ ಅಥವಾ ಗೂಗಲ್ ನಕ್ಷೆ ನೋಡಿ ಬರೆದಿದ್ದರೆ ಬಿಟ್ಟುಬಿಡಿ, ಅವುಗಳಲ್ಲಿ ಹಲವು ಮೀಟರ್ ವ್ಯತ್ಯಾಸ ಸಾಮಾನ್ಯ. ಒಂದೊಂದು ಮೀಟರೂ ಲೆಕ್ಕಕ್ಕೆ ಬರುವ ಕೆಲಸ ಇದು. ಆಟೋ ಲೆವೆಲ್ ಉಪಕರಣದಿಂದ ಟ್ಯಾಂಕಿನ ಬುಡ, ಪ್ರತಿ ಬೀದಿಯ ತಲೆ, ಪ್ರತಿ ಬೀದಿಯ ಕೊನೆ, ನಡುವಿನ ಉಬ್ಬು ತಗ್ಗು ಎಲ್ಲವನ್ನೂ ಒಂದೇ ದಿನದಲ್ಲಿ ಅಳೆಯಬಹುದು. ಉಪಕರಣ ಸಿಗದಿದ್ದರೆ ಗಾರೆ ಮೇಸ್ತ್ರಿಗಳು ಬಳಸುವ ಪಾರದರ್ಶಕ ಟ್ಯೂಬಿಗೆ ನೀರು ತುಂಬಿಸಿ 20 ಮೀಟರಿಗೊಮ್ಮೆ ಮಟ್ಟ ದಾಟಿಸುತ್ತಾ ಹೋಗಿ. ನಿಧಾನ, ಆದರೆ ಮೋಸವಿಲ್ಲ. ಟ್ಯೂಬಿನೊಳಗೆ ಗಾಳಿಗುಳ್ಳೆ ಇರಬಾರದು, ಅಷ್ಟೆ.

ಮಟ್ಟ ಸರಿ ಎಂದಿಟ್ಟುಕೊಂಡು ಲೆಕ್ಕ ನೋಡೋಣ. ಟ್ಯಾಂಕಿನ ಬುಡದ ನೆಲವನ್ನು 100 ಮೀಟರ್ ಎಂದುಕೊಂಡರೆ ಕಂಬಗಳ ಮೇಲಿರುವ ಟ್ಯಾಂಕಿನ ತಳ 112. ಟ್ಯಾಂಕ್ ತುಂಬಿದ್ದಾಗ ನೀರಿನ ಮಟ್ಟ ಇನ್ನೂ ಎರಡೂವರೆ ಮೀಟರ್ ಮೇಲಿರುತ್ತದೆ, ಆದರೆ ವಿನ್ಯಾಸವನ್ನು ತಳಮಟ್ಟಕ್ಕೇ ಮಾಡಬೇಕು, ಕೊನೆಯ ಮನೆ ತುಂಬುವ ಹೊತ್ತಿಗೆ ಟ್ಯಾಂಕ್ ಖಾಲಿಯಾಗುತ್ತಿರುತ್ತದೆ. ಒಂದಂತಸ್ತಿನ ಮನೆಗೆ ನಲ್ಲಿಯ ಬಳಿ 7 ಮೀಟರ್ ಒತ್ತಡ ಉಳಿಯಬೇಕು ಎಂಬುದು ರೂಢಿಯ ಮಾನದಂಡ. ಮೇಲಿನ ಬೀದಿಯ ಕೊನೆ 101.5. ಅದಕ್ಕೆ 7 ಸೇರಿಸಿದರೆ 108.5. ಅಂದರೆ 650 ಮೀಟರ್ ಉದ್ದಕ್ಕೂ ಪೈಪಿನ ಘರ್ಷಣೆಗೆ ಬಿಟ್ಟುಕೊಡಬಹುದಾದದ್ದು ಮೂರೂವರೆ ಮೀಟರ್ ಮಾತ್ರ. ಕೆರೆ ಬೀದಿಯ ಕೊನೆ 91. ಅಲ್ಲಿ 500 ಮೀಟರಿಗೆ 14 ಮೀಟರ್ ಬಿಟ್ಟುಕೊಡಬಹುದು. ಒಂದೇ ಟ್ಯಾಂಕಿನಿಂದ ಹೊರಟ ಎರಡು ದಾರಿಗಳಲ್ಲಿ ಒಂದು ಬಡವ, ಇನ್ನೊಂದು ಶ್ರೀಮಂತ. ಇಬ್ಬರಿಗೂ ಒಂದೇ ಗಾತ್ರದ ಪೈಪ್ ಕೊಡುವುದರಲ್ಲಿ ಅರ್ಥವಿಲ್ಲ. ಮೇಲಿನ ಬೀದಿ ಒಂದೂವರೆ ಬದಲು 5 ಮೀಟರ್ ಎತ್ತರದಲ್ಲಿದ್ದಿದ್ದರೆ ಘರ್ಷಣೆಗೆ ಉಳಿಯುವುದು ಸೊನ್ನೆ. ಆಗ ಎಷ್ಟು ದಪ್ಪದ ಪೈಪ್ ಹಾಕಿದರೂ ಪ್ರಯೋಜನವಿಲ್ಲ, ಆ ಬೀದಿಗೆ ಬೇರೆ ಟ್ಯಾಂಕೇ ಬೇಕಾಗುತ್ತಿತ್ತು. ಮಟ್ಟ ಅಳೆಯಿರಿ ಎಂದು ಒತ್ತಿ ಹೇಳುವುದು ಇದಕ್ಕೇ.

ಇನ್ನು ನೀರಿನ ಪ್ರಮಾಣ. ಜಲಜೀವನ್ ಮಿಷನ್ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಪೈಪ್ ಮೂವತ್ತು ವರ್ಷ ಬಾಳಬೇಕು, ಹಾಗಾಗಿ 2,000 ಜನರಿಗೆ ಎಂದುಕೊಳ್ಳೋಣ: 1,10,000 ಲೀಟರ್. ಸೋರಿಕೆಗೆ ಶೇ 15. ಕೋಲಾರದ ಹಳ್ಳಿಗಳ ಅಂದಾಜುಪಟ್ಟಿಗಳಲ್ಲಿ ಮರೆತುಹೋಗುವ ಬಾಬ್ತು ಹಸು. ಕರೆಯುವ ಸೀಮೆಹಸು ಬೇಸಿಗೆಯಲ್ಲಿ ದಿನಕ್ಕೆ 70 ಲೀಟರ್ ಕುಡಿಯುವುದು ಹೆಚ್ಚೇನಲ್ಲ. ಡೇರಿಗೆ ಹಾಲು ಹಾಕುವ ಮನೆಯವರು ಕುಡಿಯುವ ನೀರಿನ ನಲ್ಲಿಯಿಂದಲೇ ಅದನ್ನು ತುಂಬುತ್ತಾರೆ. ಯಾರೂ ತಡೆಯಲಾರರು, ತಡೆಯಲೂಬಾರದು. 200 ಹಸುಗಳಿಗೆ 14,000 ಲೀಟರ್. ಎಲ್ಲ ಸೇರಿ ದಿನಕ್ಕೆ ಸುಮಾರು 1,40,000 ಲೀಟರ್.

ಈ ನೀರು ಎಷ್ಟು ಹೊತ್ತಿನಲ್ಲಿ ಹರಿಯುತ್ತದೆ ಎಂಬಲ್ಲಿ ಹೆಚ್ಚಿನ ಯೋಜನೆಗಳು ಎಡವುತ್ತವೆ. ಸಣ್ಣ ಊರುಗಳಿಗೆ ಸರಾಸರಿ ಹರಿವಿನ ಮೂರು ಪಟ್ಟನ್ನು ಗರಿಷ್ಠ ಹರಿವು ಎಂದು ಹಿಡಿಯುವುದು ನೀರು ಸರಬರಾಜು ಕೈಪಿಡಿಯ ಪದ್ಧತಿ. ಮೂರು ಪಟ್ಟು ಎಂದರೆ 24 ಗಂಟೆಯ ನೀರನ್ನು 8 ಗಂಟೆಯಲ್ಲಿ ಕೊಟ್ಟಂತೆ. ನೀವು ಕೊಡುತ್ತಿರುವುದು 2 ಗಂಟೆ. ನಿಮ್ಮ ಹಳೆಯ ಲೈನನ್ನು 1,450 ಜನ, 55 ಲೀಟರ್, ಮೂರು ಪಟ್ಟು ಎಂಬ ಲೆಕ್ಕದಲ್ಲಿ ಹಾಕಿದ್ದರೆ ಅದು ಸೆಕೆಂಡಿಗೆ 2.8 ಲೀಟರಿಗೆ ತಯಾರಾದದ್ದು. 50,000 ಲೀಟರನ್ನು ಎರಡೇ ಗಂಟೆಯಲ್ಲಿ ಖಾಲಿ ಮಾಡುವಾಗ ಹರಿಯುವುದು ಸೆಕೆಂಡಿಗೆ 7 ಲೀಟರ್. ಹರಿವು ಎರಡೂವರೆ ಪಟ್ಟಾದರೆ ಘರ್ಷಣೆಯ ನಷ್ಟ ಐದೂವರೆ ಪಟ್ಟಾಗುತ್ತದೆ, ಏಕೆಂದರೆ ಹೇಜನ್–ವಿಲಿಯಮ್ಸ್ ಸೂತ್ರದಲ್ಲಿ ನಷ್ಟ ಹರಿವಿನ 1.85ನೇ ಘಾತದಲ್ಲಿ ಏರುತ್ತದೆ. ಅಷ್ಟು ನಷ್ಟ ಭರಿಸುವ ಎತ್ತರ ಮೇಲಿನ ಬೀದಿಯ ದಾರಿಯಲ್ಲಿ ಇಲ್ಲ. ನೀರು ತಗ್ಗಿನ ಕಡೆ ನುಗ್ಗುತ್ತದೆ. ನಲ್ಲಿಯಿಂದ ಬರುವ ನೀರು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರುವುದರಿಂದ, ಕೆಳಗೆ 18 ಮೀಟರ್ ಒತ್ತಡ, ಮೇಲೆ 2 ಮೀಟರ್ ಇದ್ದರೆ ಕೆಳಗಿನ ಮನೆಗೆ ಮೂರು ಪಟ್ಟು ನೀರು ಬೀಳುತ್ತದೆ. ಇದರಲ್ಲಿ ವಾಟರ್‌ಮನ್ ಮಾಡಿದ ಪಕ್ಷಪಾತ ಏನೂ ಇಲ್ಲ.

ಹಾಗಾದರೆ 8 ಗಂಟೆ ನೀರು ಬಿಡಿ ಎನ್ನಬಹುದು. ಪುಸ್ತಕದಲ್ಲಿ ಅದೇ ಅಗ್ಗದ ಪರಿಹಾರ. ಆದರೆ ಆಗ ಎಲ್ಲರೂ ನಲ್ಲಿ ತಿರುಗಿಸಿದರೆ ಮೇಲಿನ ಬೀದಿಯ ಒಂದು ಮನೆಗೆ ನಿಮಿಷಕ್ಕೆ ಒಂದು ಲೀಟರಿಗಿಂತ ಕಡಿಮೆ ಬೀಳುತ್ತದೆ, ಒಂದು ಬಿಂದಿಗೆಗೆ ಕಾಲು ಗಂಟೆ. ಬೆಳಿಗ್ಗೆ ಕೂಲಿಗೆ, ಕಾರ್ಖಾನೆಗೆ ಹೊರಡುವವರು ಕಾಯುವುದಿಲ್ಲ, ಮೋಟರ್ ಹಾಕುತ್ತಾರೆ. ನನ್ನ ಸಲಹೆ ನಡುವಿನದು: 4 ಗಂಟೆಗೆ ವಿನ್ಯಾಸ ಮಾಡಿ, ಬೆಳಿಗ್ಗೆ ಎರಡು, ಸಂಜೆ ಎರಡು ಗಂಟೆ ಬಿಡಿ. ಒಟ್ಟು ಹರಿವು ಸೆಕೆಂಡಿಗೆ 9.7 ಲೀಟರ್. ಮನೆಗಳ ಪ್ರಮಾಣದಲ್ಲಿ ಮೇಲಿನ ಬೀದಿಗೆ 3.9, ಕೆರೆ ಬೀದಿಗೆ 5.8.

ಟ್ಯಾಂಕಿಗೂ ಇದೇ ಅನುಕೂಲ. ಸೋರಿಕೆ ಬಿಟ್ಟು ನೋಡಿದರೆ ಇಂದಿನ ಜನ, ದನಕ್ಕೆ ದಿನಕ್ಕೆ ಸುಮಾರು 94,000 ಲೀಟರ್ ಸಾಕು. ಒಂದು ಸರದಿಗೆ 47,000. ಬೆಳಗಿನ ಸರದಿ ಮುಗಿದ ಮೇಲೆ ಗಂಟೆಗೆ 6,000ದಂತೆ 8 ಗಂಟೆ ಪಂಪ್ ಓಡಿದರೆ ಸಂಜೆಗೆ ಟ್ಯಾಂಕ್ ತುಂಬಿರುತ್ತದೆ. ಈಗಿನ ಟ್ಯಾಂಕೇ ಸಾಕು, ಹೊಸದಕ್ಕೆ ಹಣ ಹಾಕಬೇಡಿ. ಜನಸಂಖ್ಯೆ 2,000ಕ್ಕೆ ಹತ್ತಿರವಾದಾಗ 25,000 ಲೀಟರಿನ ಇನ್ನೊಂದು ಟ್ಯಾಂಕ್ ಕಟ್ಟಬಹುದು, ಜಾಗ ಮಾತ್ರ ಈಗಲೇ ಗುರುತಿಸಿಡಿ. ಬೋರ್‌ವೆಲ್‌ಗೆ ವಿದ್ಯುತ್ ಪಂಪ್‌ಸೆಟ್ ಲೈನಿನಿಂದ ಇದ್ದರೆ ಮೂರು ಫೇಸ್ ಸಿಗುವ ಗಂಟೆಗಳಲ್ಲಿ ಇಷ್ಟು ನೀರು ಎತ್ತಲಾಗದು. ಹಳ್ಳಿಮನೆಗಳಿಗೆ ದಿನವಿಡೀ ವಿದ್ಯುತ್ ಕೊಡುವ ನಿರಂತರ ಜ್ಯೋತಿ ಲೈನಿಗೆ ಬದಲಾಯಿಸಿಕೊಳ್ಳುವುದು ಪೈಪಿಗಿಂತ ಮೊದಲಿನ ಕೆಲಸ.

ಈಗ ಪೈಪಿನ ಗಾತ್ರ. ಎಚ್‌ಡಿಪಿಇ ಪೈಪಿಗೆ ಹೇಳುವ ಅಳತೆ ಹೊರವ್ಯಾಸದ್ದು, ನೀರು ಹರಿಯುವುದು ಒಳವ್ಯಾಸದಲ್ಲಿ. ಪಿಎನ್ 10 (10 ಕೆಜಿ, ಅಂದರೆ 100 ಮೀಟರ್ ಒತ್ತಡಕ್ಕೆ ತಯಾರಾದ), ಪಿಇ 100 ಪ್ಲಾಸ್ಟಿಕ್ ದರ್ಜೆಯ 110ರ ಒಳವ್ಯಾಸ ಸುಮಾರು 97 ಎಂ.ಎಂ., 90ರದ್ದು 79, 75ರದ್ದು 66, 63ರದ್ದು 55. ಸೂತ್ರದಲ್ಲಿ ಪೈಪಿನ ಒಳಮೈಯ ನುಣುಪನ್ನು ಸೂಚಿಸುವ ಸಿ ಬೆಲೆ 140 ಹಿಡಿದು, ಸೆಕೆಂಡಿಗೆ 3.9 ಲೀಟರ್ 650 ಮೀಟರ್ ಹರಿದರೆ ಆಗುವ ನಷ್ಟ: 63ರಲ್ಲಿ 33 ಮೀಟರ್, 75ರಲ್ಲಿ 14, 90ರಲ್ಲಿ ಸುಮಾರು 6, 110ರಲ್ಲಿ 2.2. ನಮ್ಮ ಹತ್ತಿರ ಇರುವುದು 3.5. ಎಂದರೆ 110 ಪೂರ್ತಿ ಬೇಡ, 90 ಪೂರ್ತಿ ಸಾಲದು. ಟ್ಯಾಂಕಿನಿಂದ ಮೊದಲ 450 ಮೀಟರ್ 110, ಕೊನೆಯ 200 ಮೀಟರ್ 90 ಹಾಕಿದರೆ ನಷ್ಟ 3.3. ಇದೂ ಪೂರ್ತಿ ನೀರು ಕೊನೆಯವರೆಗೆ ಹೋಗುತ್ತದೆ ಎಂಬ ಕಟುವಾದ ಲೆಕ್ಕ. ದಾರಿಯಲ್ಲಿ ಮನೆಗಳು ಎಳೆದುಕೊಳ್ಳುವುದರಿಂದ ನಿಜವಾದ ನಷ್ಟ ಕಡಿಮೆ, ಉಳಿದದ್ದು ಬೆಂಡ್, ಟೀ, ವಾಲ್ವುಗಳಿಗೆ ಆಯಿತು.

ಕೆರೆ ಬೀದಿಗೆ ಮೊದಲ 300 ಮೀಟರ್ 90, ಅರ್ಧ ಮನೆಗಳು ಕಳೆದ ಮೇಲಿನ 200 ಮೀಟರ್ 75 ಸಾಕು. ನಷ್ಟ 8.3 ಮೀಟರ್, ಕೊನೆಯ ನಲ್ಲಿಯಲ್ಲಿ ಇನ್ನೂ 12 ಮೀಟರಿಗಿಂತ ಹೆಚ್ಚು ಒತ್ತಡ. ಅಡ್ಡಬೀದಿಗಳಿಗೆ 63. ಎಚ್‌ಡಿಪಿಇ ಬೆಲೆ ಹೆಚ್ಚುಕಡಿಮೆ ತೂಕಕ್ಕೆ ತಕ್ಕಂತೆ ಇರುತ್ತದೆ. ಮುಖ್ಯ ಲೈನ್ ಎಲ್ಲವೂ 110 ಆದರೆ ಸುಮಾರು 2,350 ಕೆಜಿ, ಈ ಲೆಕ್ಕದಲ್ಲಿ 1,800. ಉಳಿಯುವ ಕಾಲು ಭಾಗವನ್ನು ವಾಲ್ವುಗಳಿಗೆ ಹಾಕಿ. ಅಲ್ಲಿ ಜಿಪುಣತನ ಮಾಡಿದವರು ಮುಂದೆ ಪ್ರತಿ ವರ್ಷ ದಂಡ ಕಟ್ಟುತ್ತಾರೆ.

ಪೈಪಿನ ಗಾತ್ರಕ್ಕಿಂತಲೂ ಮುಖ್ಯವಾದ ಬದಲಾವಣೆ ಟ್ಯಾಂಕಿನ ಬುಡದಲ್ಲಿದೆ. ಎರಡು ವಲಯಕ್ಕೆ ಎರಡು ಪ್ರತ್ಯೇಕ ಔಟ್‌ಲೆಟ್, ಪ್ರತಿಯೊಂದಕ್ಕೂ ನೀರು ತಡೆಯುವ ಸ್ವಂತ ಸ್ಲೂಯಿಸ್ ವಾಲ್ವ್, ವಲಯದ ಒಟ್ಟು ನೀರು ಅಳೆಯುವ ಸ್ವಂತ ಬಲ್ಕ್ ಮೀಟರ್. ಕೆಳವಲಯದ ವಾಲ್ವನ್ನು ಸ್ವಲ್ಪ ಮುಚ್ಚಿಟ್ಟು, ಯಾರೂ ತಿರುಗಿಸದಂತೆ ಅದರ ಕೈಚಕ್ರ ತೆಗೆದಿಡಿ. ಹೊಸ ಪೈಪಿಗೆ ಮೊದಲೇ ಇದನ್ನು ಹಳೆಯ ಲೈನಿನಲ್ಲೇ ಪರೀಕ್ಷಿಸಬಹುದು: ಟ್ಯಾಂಕಿನ ಬಳಿ ಕವಲು ಮಾಡಿಸಿ, ಒಂದು ವಾರ ಮೇಲಿನ ಬೀದಿಗೆ ಮೊದಲು, ಕೆರೆ ಬೀದಿಗೆ ಆಮೇಲೆ ನೀರು ಬಿಟ್ಟು ನೋಡಿ. ಎಷ್ಟೋ ಊರುಗಳಲ್ಲಿ ಸಮಸ್ಯೆಯ ಅರ್ಧ ಇಲ್ಲೇ ಇಳಿಯುತ್ತದೆ.

ಆ ವಾರದಲ್ಲೇ ಇನ್ನೆರಡು ಪರೀಕ್ಷೆ ಮುಗಿಸಿ. 0–4 ಕೆಜಿಯ ಪ್ರೆಷರ್ ಗೇಜನ್ನು ಮೇಲಿನ ಬೀದಿಯ ಕೊನೆಯ ನಲ್ಲಿಗೆ ತಿರುಗಿಸಿ, 1 ಕೆಜಿ ಎಂದರೆ 10 ಮೀಟರ್. ಎಲ್ಲ ನಲ್ಲಿ ಮುಚ್ಚಿದ್ದಾಗ ಒಂದು ಕೆಜಿ ತೋರಿಸಿ, ಸರಬರಾಜಿನ ಹೊತ್ತಿನಲ್ಲಿ ಸೊನ್ನೆಗೆ ಇಳಿದರೆ ತೊಂದರೆ ಘರ್ಷಣೆಯದ್ದು: ಪೈಪ್ ಸಣ್ಣದು, ಅರ್ಧ ಮುಚ್ಚಿದ ವಾಲ್ವ್ ಇದೆ, ಇಲ್ಲವೇ ಒಳಗೆ ಕಸ ಕಟ್ಟಿದೆ. ಮುಚ್ಚಿದ್ದಾಗಲೂ ಕಡಿಮೆ ತೋರಿಸಿದರೆ ಮಟ್ಟದ ಅಳತೆ ತಪ್ಪಿದೆ, ಅಥವಾ ಎಲ್ಲೋ ದೊಡ್ಡದಾಗಿ ಒಡೆದಿದೆ. ಎರಡನೆಯದು ರಾತ್ರಿಯ ಸೋರಿಕೆ ಪರೀಕ್ಷೆ. ಬೋರ್ ನಿಲ್ಲಿಸಿ, ಮನೆಗಳ ನಲ್ಲಿ ಮುಚ್ಚಿಸಿ, ಔಟ್‌ಲೆಟ್ ತೆರೆದೇ ಇಟ್ಟು ಒಂದು ಗಂಟೆಯಲ್ಲಿ ಟ್ಯಾಂಕ್ ಎಷ್ಟು ಇಳಿಯಿತು ನೋಡಿ. ಒಳವ್ಯಾಸ 5 ಮೀಟರ್ ಇದ್ದರೆ ಒಂದು ಸೆಂಟಿಮೀಟರಿಗೆ ಸುಮಾರು 200 ಲೀಟರ್. ಐದು ಸೆಂಟಿಮೀಟರ್ ಇಳಿದರೆ ಗಂಟೆಗೆ 1,000 ಲೀಟರ್ ನೆಲದ ಪಾಲು. ಹೊಸ ಲೈನ್ ಹಾಕಿದ ಮೇಲೆ ಹಳೆಯದನ್ನು ಎಲ್ಲೆಲ್ಲಿ ಕತ್ತರಿಸಿ ಎಂಡ್ ಕ್ಯಾಪ್ ಹಾಕಬೇಕು ಎಂಬುದನ್ನು ಅಂದಾಜುಪಟ್ಟಿಯಲ್ಲೇ ಬರೆಸಿ. ಹಳೆ ಹೊಸ ಲೈನುಗಳು ಒಳಗೊಳಗೇ ಕೂಡಿಕೊಂಡಿದ್ದರೆ ಯಾವ ವಲಯವೂ ವಲಯವಾಗಿ ಉಳಿಯದು.

ನಿಮ್ಮ ಭಾಗದ ಒಂದು ಅಭ್ಯಾಸ ಮಾತ್ರ ತಕ್ಷಣ ನಿಲ್ಲಬೇಕು: ಟ್ಯಾಂಕಿಗೆ ಏರಿಸದೆ ಬೋರಿನಿಂದ ನೇರ ವಿತರಣಾ ಲೈನಿಗೆ ಬಿಡುವುದು. ಇಲ್ಲಿ ಸಬ್‌ಮರ್ಸಿಬಲ್ ಪಂಪನ್ನು 300 ಮೀಟರ್ ಆಳಕ್ಕೆ ಲೆಕ್ಕ ಹಾಕಿ ಆರಿಸಿರುತ್ತಾರೆ. ಮಳೆಗಾಲದ ನಂತರ ನೀರಿನ ಮಟ್ಟ 200 ಮೀಟರಿಗೆ ಬಂದಾಗ ಯಾರೋ ಬೀದಿಯ ವಾಲ್ವ್ ಮುಚ್ಚಿದರೆ, ಉಳಿದ 100 ಮೀಟರಿಗೂ ಹೆಚ್ಚಿನ ಒತ್ತಡ, ಅಂದರೆ 10 ಕೆಜಿಗೂ ಮೇಲೆ, ಬೀದಿಯ ಪೈಪಿನ ಮೇಲೆ ಬೀಳುತ್ತದೆ. ಪಿಎನ್ 6 ಪೈಪ್ 6 ಕೆಜಿಗೆ ತಯಾರಾದದ್ದು. ಪೈಪ್ ಕಳಪೆ ಎಂದು ಬೈಸಿಕೊಳ್ಳುವ ಎಷ್ಟೋ ಒಡಕುಗಳ ಮೂಲ ಇದು. ಜೊತೆಗೆ ಬೋರಿನ ಮರಳು, ಗಾಳಿ ಎಲ್ಲ ಮನೆಗಳಿಗೆ ಹೋಗುತ್ತದೆ. ಬೋರಿನ ನೀರನ್ನು ಟ್ಯಾಂಕಿಗೆ ಏರಿಸುವ ಪೈಪಾದ ರೈಸಿಂಗ್ ಮೇನ್‌ನಿಂದ ಒಂದು ಮನೆಗೂ ಸಂಪರ್ಕ ಕೊಡಬೇಡಿ. ಎರಡನೇ ಬೋರ್ ಕೊರೆಸಿದರೆ ಅದನ್ನೂ ಟ್ಯಾಂಕಿಗೇ ಸೇರಿಸಿ. ಮುಂದೆ ಬಹುಗ್ರಾಮ ಯೋಜನೆಯ ನೀರು ಬಂದರೂ ಸೇರಲು ಟ್ಯಾಂಕಿನ ಇನ್‌ಲೆಟ್‌ನಲ್ಲಿ ವಾಲ್ವ್ ಸಮೇತ ಒಂದು ಖಾಲಿ ಫ್ಲ್ಯಾಂಜ್ ಟೀ ಬಿಡಿಸಿಕೊಳ್ಳಿ.

ನೇರ ಪಂಪಿಂಗ್ ನಿಲ್ಲಿಸಿದರೆ ಪೈಪಿನ ದರ್ಜೆಯಲ್ಲೂ ಉಳಿತಾಯವಿದೆ. ಟ್ಯಾಂಕ್ ತುಂಬಿದ್ದಾಗ ಕೆರೆ ಬೀದಿಯಲ್ಲಿ ಬರುವ ಅತಿ ಹೆಚ್ಚಿನ ಒತ್ತಡ ಎರಡೂವರೆ ಕೆಜಿಯೊಳಗೆ. ಮಣ್ಣಿನ ನೆಲದಲ್ಲಿ ಐಎಸ್ 4984 ಗುರುತಿನ ಪಿಎನ್ 6 ಧಾರಾಳ, ಗೋಡೆ ತೆಳು ಇರುವುದರಿಂದ ಒಳವ್ಯಾಸವೂ ಹೆಚ್ಚು. ಬಂಡೆ ಒಡೆದು ಹಾಕುವ ಕಡೆ, ರಸ್ತೆ ದಾಟುವ ಕಡೆ ಪಿಎನ್ 10 ಹಾಕಿ. ಅಲ್ಲಿ ಒಳಗಿನ ನೀರಿಗಿಂತ ಹೊರಗಿನ ಕಲ್ಲು, ಟ್ರ್ಯಾಕ್ಟರ್ ಅಪಾಯ.

ಗುಂಡಿಯ ಆಳ ಪೈಪಿನ ತಲೆಯ ಮೇಲೆ ಒಂದು ಮೀಟರ್ ಮಣ್ಣು ಬರುವಷ್ಟಿರಲಿ. ಒಂದಡಿ ಆಳದಲ್ಲಿ ಹಾಕಿದ ಪೈಪ್ ಮೊದಲ ಚರಂಡಿ ಕೆಲಸದಲ್ಲೇ ಜೆಸಿಬಿಗೆ ಸಿಗುತ್ತದೆ. ಬಂಡೆ ಸಿಕ್ಕಲ್ಲಿ ಕೆಳಗೆ 10 ಸೆಂಟಿಮೀಟರ್ ಮರಳು ಅಥವಾ ಜರಡಿ ಹಿಡಿದ ಮಣ್ಣು ಬೇಕೇ ಬೇಕು. ಸಿಸಿ ರಸ್ತೆ ಇರುವ ಬೀದಿಯಲ್ಲಿ ಒಂದೇ ಬದಿಗೆ ದೊಡ್ಡ ಪೈಪ್ ಹಾಕಿ ಪ್ರತಿ ಮನೆಗೂ ರಸ್ತೆ ಕತ್ತರಿಸುವ ಬದಲು ಎರಡೂ ಬದಿಗೆ 63 ಎಳೆಯುವುದು ಲೇಸು. ಪೈಪ್ ಉದ್ದ ಜಾಸ್ತಿ, ಆದರೆ ಕಾಂಕ್ರೀಟ್ ಕತ್ತರಿಸಿ ಮತ್ತೆ ಹಾಕುವ ಖರ್ಚು ಅದಕ್ಕಿಂತ ಜಾಸ್ತಿ, ಮತ್ತೆ ಹಾಕಿದ್ದು ಸಾಮಾನ್ಯವಾಗಿ ನಿಲ್ಲುವುದೂ ಇಲ್ಲ. ಜೋಡಣೆಗೆ ಬಟ್ ಫ್ಯೂಷನ್ ಯಂತ್ರ ಅಥವಾ ಎಲೆಕ್ಟ್ರೋಫ್ಯೂಷನ್ ಕಪ್ಲರ್ ಇರಲಿ. ಬೆಂಕಿ ಹಚ್ಚಿ ಪೈಪ್ ಬಿಸಿ ಮಾಡಿ ಒಂದರೊಳಗೊಂದು ತೂರಿಸುವವರಿಗೆ ಕೆಲಸ ನಿಲ್ಲಿಸಲು ಹೇಳಿ. ಮನೆ ಸಂಪರ್ಕಕ್ಕೂ ಹಾಗೇ: ಕಾದ ಕಂಬಿಯಿಂದ ತೂತು ಹಾಕಿ ಸೈಕಲ್ ಟ್ಯೂಬ್ ಸುತ್ತಿದ ಜಾಗ ಒಂದೇ ವರ್ಷದಲ್ಲಿ ಸೋರುತ್ತದೆ. ಪೈಪಿಗೆ ಬಿಗಿಯುವ ಪಟ್ಟಿ (ಸ್ಯಾಡಲ್), ಮನೆಗೆ ನೀರು ಬಿಡುವ ಸಣ್ಣ ರಂಧ್ರದ ಜೋಡಣೆ (ಫೆರೂಲ್) ಹಾಕಿಸಿ, ಕೆರೆ ಬೀದಿಯ ಫೆರೂಲಿನ ರಂಧ್ರ ಮೇಲಿನದಕ್ಕಿಂತ ಸಣ್ಣದಿರಲಿ.

ಚರಂಡಿ ದಾಟುವಲ್ಲಿ ಮನೆಯ ಪೈಪ್ ಚರಂಡಿಯೊಳಗೆ ಮುಳುಗಬಾರದು, ಮೇಲಿನಿಂದ ಜಿಐ ತೋಳಿನೊಳಗೆ ಹೋಗಬೇಕು. ನೀರು ನಿಂತ ಹೊತ್ತಿನಲ್ಲಿ ಪೈಪ್ ಖಾಲಿ, ಮನೆಯ ಮೋಟರ್ ಎಳೆದರೆ ಒಳಗೆ ನಿರ್ವಾತ. ಸುತ್ತಲಿನ ಕೊಳಕು ಸೀಳಿನಿಂದ ಒಳಗೆ ಬರುತ್ತದೆ. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ತುಂಬುತ್ತಿರುವ ಕೆರೆಗಳ ಪೈಕಿ ನಿಮ್ಮದೂ ಇದ್ದರೆ ಇನ್ನೂ ಎಚ್ಚರ: ಕೆರೆಯಂಚಿನ ನೆಲ ವರ್ಷವಿಡೀ ಒದ್ದೆ, ಸೋರಿಕೆ ಕಣ್ಣಿಗೆ ಬೀಳದು, ಖಾಲಿ ಪೈಪಿಗೆ ಹೊರಗಿನ ನೀರು ಸುಲಭವಾಗಿ ನುಗ್ಗುತ್ತದೆ. ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. 50,000 ಲೀಟರಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಹಾಕಲು ತಾಜಾ ಬ್ಲೀಚಿಂಗ್ ಪೌಡರ್ 300 ಗ್ರಾಂ, ತಿಂಗಳುಗಟ್ಟಲೆ ಇಟ್ಟದ್ದಾದರೆ 400 ಗ್ರಾಂ ಬೇಕಾಗುತ್ತದೆ.

ವಾಲ್ವುಗಳ ಮಾತು ಉಳಿಯಿತು. ಎಲ್ಲಿ ಒಡೆದರೂ ಮೂವತ್ತು ನಲವತ್ತು ಮನೆಗಿಂತ ಹೆಚ್ಚು ಒಣಗದಂತೆ ಲೈನನ್ನು ತುಂಡು ಮಾಡಿ. ಮೂರು ದಾರಿ ಕೂಡುವಲ್ಲಿ ಎರಡಾದರೂ ವಾಲ್ವ್ ಇರಲಿ. ಅತಿ ಎತ್ತರದ ಜಾಗದಲ್ಲಿ ಏರ್ ವಾಲ್ವ್: ಸರದಿಯ ಮೇಲೆ ನೀರು ಬಿಡುವ ಊರಿನಲ್ಲಿ ಪ್ರತಿ ಸಲವೂ ಪೈಪಿನ ಗಾಳಿ ಹೊರಹೋಗಬೇಕು, ಇಲ್ಲದಿದ್ದರೆ ಉಬ್ಬಿನಲ್ಲಿ ಸಿಕ್ಕಿಕೊಂಡು ನೀರನ್ನು ತಡೆಯುತ್ತದೆ, ಮನೆಯ ಮೀಟರನ್ನೂ ಸುಮ್ಮನೆ ತಿರುಗಿಸುತ್ತದೆ. ತಗ್ಗಿನಲ್ಲಿ ಮತ್ತು ಪ್ರತಿ ಕುರುಡು ಕೊನೆಯಲ್ಲಿ ತೊಳೆಯುವ ವಾಲ್ವ್. ಎರಡು ಅಡ್ಡಬೀದಿಗಳ ಕೊನೆಗಳ ನಡುವೆ 30–40 ಮೀಟರ್ ಅಷ್ಟೇ ಅಂತರವಿದ್ದರೆ ಒಂದೇ ವಲಯದೊಳಗೆ ಅವನ್ನು ಕೂಡಿಸಿಬಿಡಿ, ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯಿಂದ ನೀರು ಬರುತ್ತದೆ. ಊರನ್ನೆಲ್ಲ ಬಲೆಯಂತೆ ಹೆಣೆಯುವುದು ಈ ಗಾತ್ರದ ಹಳ್ಳಿಗೆ ದುಂದು. ಎರಡು ವಲಯಗಳ ನಡುವೆ ಕೊಂಡಿ ಹಾಕಿದರೆ ಅದರ ವಾಲ್ವ್ ಸದಾ ಮುಚ್ಚಿರಲಿ.

ನಾನು ಮೇಲೆ ಮಾಡಿದ್ದು ಕೈಲೆಕ್ಕ, ಗುತ್ತಿಗೆದಾರರ ಮಾತನ್ನು ಅಳೆಯಲು ಸಾಕು, ಟೆಂಡರಿಗೆ ಸಾಲದು. ಎಂಜಿನಿಯರಿಂದ ಇಪಾನೆಟ್‌ನಲ್ಲಿ ಮಾದರಿ ಮಾಡಿಸಿ, ಅದು ನೀರಿನ ಪೈಪ್ ಜಾಲದ ಲೆಕ್ಕ ಮಾಡುವ ಉಚಿತ ತಂತ್ರಾಂಶ. ಕವಲು ಕವಲಾಗಿ ಹೋಗುವ ಲೈನಾದರೆ ಮುಂಬಯಿ ಐಐಟಿಯ ಜಲತಂತ್ರ ಅತಿ ಕಡಿಮೆ ಖರ್ಚಿನ ಗಾತ್ರಗಳನ್ನು ತಾನೇ ಆರಿಸಿಕೊಡುತ್ತದೆ, ಅದೂ ಉಚಿತ. ನೀವು ಕೇಳಿ ಪಡೆಯಬೇಕಾದ್ದು ಒಂದೇ ಹಾಳೆ: ಪ್ರತಿ ಬೀದಿಕೊನೆಯ ಮಟ್ಟ, ಹರಿವು, ಉಳಿಯುವ ಒತ್ತಡ, ಎಷ್ಟು ಗಂಟೆಯ ಸರಬರಾಜಿಗೆ ಎಂಬ ಷರತ್ತಿನ ಸಮೇತ. ಕೆಲಸ ಮುಗಿದ ಮೇಲೆ ಮಣ್ಣು ಮುಚ್ಚುವ ಮೊದಲು, ಬಳಕೆಯಲ್ಲಿ ಪೈಪಿಗೆ ಬರುವ ಒತ್ತಡದ ಒಂದೂವರೆ ಪಟ್ಟಿಗೆ ಪರೀಕ್ಷೆ ಮಾಡಿಸಿ. ಕೊನೆಯ ಬಿಲ್ಲಿಗೆ ಸಹಿ ಹಾಕುವ ಮುನ್ನ ಬೆಳಗಿನ ಸರದಿಯಲ್ಲಿ ಅದೇ ಗೇಜನ್ನು ಮೇಲಿನ ಬೀದಿಯ ಕೊನೆಯ ನಲ್ಲಿಗೆ ಹಾಕಿ ಹಾಳೆಯ ಅಂಕಿಯೊಂದಿಗೆ ಹೋಲಿಸಿ. ವಾಲ್ವುಗಳ ನಕ್ಷೆಯನ್ನು ಗುಂಡಿಗಳು ತೆರೆದಿರುವಾಗಲೇ ಬರೆಸಿಕೊಂಡು, ಒಂದು ಪ್ರತಿಯನ್ನು ಪಂಚಾಯಿತಿಯಲ್ಲಿ, ಇನ್ನೊಂದನ್ನು ಟ್ಯಾಂಕಿನ ಕಂಬದ ಮೇಲೆ ಬಣ್ಣದಲ್ಲಿ ಬರೆಸಿ. ಈಗಿನ ವಾಟರ್‌ಮನ್ ನಿವೃತ್ತರಾದರೆ ಯಾವ ವಾಲ್ವ್ ಎಲ್ಲಿದೆ ಎಂಬುದು ಇನ್ಯಾರಿಗೂ ಗೊತ್ತಿರುವುದಿಲ್ಲ.